ಕ್ಷೇತ್ರವಿವಾದದಲ್ಲಿ ಭಾಷಾಪತ್ರದ ಲಕ್ಷಣ: ಮಿತಾಕ್ಷರೆಯೂ ಮಳಗಿಯ ಸೀಮೆಯೂ

ಒಬ್ಬನ ಹೊಲವನ್ನು ಮತ್ತೊಬ್ಬನು ಹೊಕ್ಕು ಉತ್ತರೆ, ಅಥವಾ ಎಲ್ಲೆಯ ಕಲ್ಲನ್ನು ಕಿತ್ತು ನಾಲ್ಕು ಮಾರು ಆಚೆಗೆ ನೆಟ್ಟರೆ, ಅನ್ಯಾಯವಾಯಿತೆಂಬುದನ್ನು ತಿಳಿಯಲು ಶಾಸ್ತ್ರಜ್ಞಾನವು ಬೇಕಾಗುವುದಿಲ್ಲ. ಆದರೆ ಆ ಅನ್ಯಾಯವನ್ನು ನ್ಯಾಯಸ್ಥಾನವು ವಿಚಾರಣೆಗೆ ತೆಗೆದುಕೊಳ್ಳುವುದು ಯಾವಾಗ ಎಂಬುದು ಬೇರೆಯ ಪ್ರಶ್ನೆ. ದೂರುವವನು ಏನೇನನ್ನು ಹೇಳಿದರೆ ಅವನ ಮಾತು ವ್ಯಾಜ್ಯವೆನಿಸಿಕೊಳ್ಳುವುದು? ಯಾವುದನ್ನು ಹೇಳದೆ ಬಿಟ್ಟರೆ ಅದು ಬರಿಯ ಗೋಳಾಗಿ ಉಳಿಯುವುದು? ಈಗಿನ ನ್ಯಾಯವಾದಿಗಳು ‘ವ್ಯಾಜ್ಯಕಾರಣ’ವೆಂದು ಕರೆಯುವ ಈ ವಿಷಯವು ಆಂಗ್ಲರ ಸಂಹಿತೆಗಳೊಡನೆ ಕನ್ನಡನಾಡಿಗೆ ಬಂದುದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೇ ಇದರ ಶಾಸ್ತ್ರೀಯವಾದ ವಿವೇಚನೆಯು ಈ ನಾಡಿನಲ್ಲಿ ನಡೆದಿತ್ತು. ಆ ವಿವೇಚನೆಯ ಸ್ವರೂಪವನ್ನೂ, ಅದರ ಅಳತೆಗೋಲಿಗೆ ಸಿಕ್ಕದೆ ಹೋದ ಒಂದು ಬಗೆಯ ಭೂಮಿಯ ಗತಿಯನ್ನೂ ಉತ್ತರ ಕನ್ನಡದ ಇತಿಹಾಸದಿಂದ ಸ್ಪಷ್ಟಪಡಿಸಬಹುದು.

ಮುಂಡಗೋಡ ತಾಲ್ಲೂಕಿನ ಮಳಗಿಯು ಶಿರಸಿಯಿಂದ ಮುಂಡಗೋಡಕ್ಕೆ ಹೋಗುವ ಹೆದ್ದಾರಿಯಲ್ಲಿದೆ. ದಕ್ಷಿಣಕ್ಕೆ ಬನವಾಸಿ, ಪೂರ್ವಕ್ಕೆ ಹಾನಗಲ್ಲು. ಧರ್ಮಾ ನದಿಗೆ ಕಟ್ಟಿದ ಜಲಾಶಯವು ಊರಿನ ಸಮೀಪದಲ್ಲಿಯೇ ಉಂಟು. ಮಲೆನಾಡು ಮುಗಿದು ಬಯಲುಸೀಮೆಯು ತೊಡಗುವ ಈ ಮೇರೆಯಲ್ಲಿ ಭತ್ತದ ಗದ್ದೆ, ಅಡಕೆಯ ತೋಟ, ಕಾಡು ಇವು ಒಂದನ್ನೊಂದು ತಗುಲಿಕೊಂಡಿರುವುವು. ಗದ್ದೆಯ ಬದುವು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಮೊದಲಾಯಿತು ಎಂಬುದೇ ಇಂತಹ ಸೀಮೆಯಲ್ಲಿ ವಿವಾದದ ಮೂಲ. ಹನ್ನೊಂದನೆಯ ಮತ್ತು ಹನ್ನೆರಡನೆಯ ಶತಮಾನಗಳಲ್ಲಿ ಬನವಾಸಿ ಹನ್ನೆರಡು ಸಾಸಿರವೂ ಪಾನುಂಗಲ್ಲು ಐನೂರೂ ಕಲ್ಯಾಣದ ಚಕ್ರವರ್ತಿಗಳಿಗೆ ಅಧೀನವಾಗಿದ್ದುವು. ಆ ಚಕ್ರವರ್ತಿಗಳಲ್ಲಿ ಪ್ರಸಿದ್ಧನಾದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ದಾಯಭಾಗದ ವಿಷಯದಲ್ಲಿ ಈ ಗ್ರಂಥಕ್ಕೆ ದೊರೆತ ಖ್ಯಾತಿಯು ಲೋಕವಿದಿತವಾದುದು. ಆದರೆ ಅದರ ವ್ಯವಹಾರಾಧ್ಯಾಯದ ಮೊದಲ ಪ್ರಕರಣಗಳನ್ನು ಸಾಹಿತ್ಯಾಭ್ಯಾಸಿಗಳು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ವ್ಯವಹಾರಕ್ಕೆ ನಾಲ್ಕು ಪಾದಗಳೆಂದು ಸ್ಮೃತಿಕಾರರ ಮತ. ವಾದಿಯ ನಿವೇದನೆಯು ಮೊದಲನೆಯದು, ಪ್ರತಿವಾದಿಯ ಉತ್ತರವು ಎರಡನೆಯದು, ಸಾಧನವು ಮೂರನೆಯದು, ನಿರ್ಣಯವು ಕಡೆಯದು. ಮೊದಲನೆಯ ಪಾದಕ್ಕೆ ಭಾಷೆ, ಪ್ರತಿಜ್ಞೆ, ಪಕ್ಷ ಎಂದು ಹೆಸರುಗಳು. ಇಲ್ಲಿ ಭಾಷೆಯೆಂದರೆ ನುಡಿಯೆಂಬ ಸಾಮಾನ್ಯಾರ್ಥವಲ್ಲ. ಧರ್ಮಾಧಿಕರಣದ ಮುಂದೆ ವಾದಿಯು ಬರೆಯಿಸಿದ ನಿಶ್ಚಿತವಾದ ಮಾತು ಎಂದರ್ಥ. ಇದನ್ನು ಮೊದಲು ಬಳಪದಿಂದ ಹಲಗೆಯ ಮೇಲಾಗಲಿ ನೆಲದ ಮೇಲಾಗಲಿ ಬರೆದು, ಹೆಚ್ಚು ಕಡಿಮೆಗಳನ್ನು ತಿದ್ದಿ, ಅನಂತರ ಪತ್ರಕ್ಕೆ ಏರಿಸಬೇಕೆಂದು ಕಾತ್ಯಾಯನನ ವಿಧಿ. ಪ್ರತಿವಾದಿಯ ಉತ್ತರವು ಬರುವ ತನಕ ತಿದ್ದುಪಡಿಗೆ ಅವಕಾಶವುಂಟು. ಬಂದ ಮೇಲೆ ಇಲ್ಲ. ಎದುರಾಳಿಯ ಮಾತನ್ನು ಕೇಳಿ ತನ್ನ ಮಾತನ್ನು ಹೊರಳಿಸಿಕೊಳ್ಳುವವನಿಗೆ ಇದರಿಂದ ತಡೆಯಾಯಿತು.

ಸ್ಥಾವರದ ವಿವಾದದಲ್ಲಿ ಭಾಷಾಪತ್ರವು ಹತ್ತು ಅಂಶಗಳನ್ನು ಒಳಗೊಂಡಿರಬೇಕೆಂಬ ಸ್ಮೃತಿವಚನವನ್ನು ವಿಜ್ಞಾನೇಶ್ವರನು ಎತ್ತಿಕೊಂಡು ಒಂದೊಂದನ್ನೂ ಬಿಡಿಸಿ ಹೇಳಿರುವನು. ದೇಶ, ಅದರೊಳಗಿನ ಸ್ಥಾನ, ಮೂಡಲು ಪಡುವಲು ಮುಂತಾದ ದಿಕ್ಕುಗಳಿಂದ ಮೇರೆಗೊಂಡ ಸನ್ನಿವೇಶ, ವಾದಿಪ್ರತಿವಾದಿಗಳ ಜಾತಿ, ಅವರ ಹೆಸರು, ನೆರೆಯಲ್ಲಿ ವಾಸಿಸುವ ಜನ, ನಿವರ್ತನಾದಿ ಮಾನಗಳಿಂದ ಭೂಮಿಯ ಅಳತೆ, ಕ್ಷೇತ್ರದ ಹೆಸರು, ಉಭಯರ ತಂದೆ ಅಜ್ಜಂದಿರ ಹೆಸರು, ಹಿಂದೆ ಆಳಿದ ಅರಸರ ಉಲ್ಲೇಖ ಇವೇ ಆ ಹತ್ತು. ಕ್ಷೇತ್ರದ ಹೆಸರೆಂದರೆ ಏನು? ಭತ್ತದ ಗದ್ದೆಯೊ, ಅಡಕೆಯ ತೋಟವೊ, ಕರಿಯ ನೆಲವೊ, ಬಿಳಿಯ ನೆಲವೊ ಎಂದು ಹೇಳುವುದು. ವ್ಯಾಖ್ಯಾನಕಾರನು ಆರಿಸಿಕೊಂಡ ಈ ಉದಾಹರಣೆಗಳಲ್ಲಿ ಅಡಕೆಯ ತೋಟವೂ ಭತ್ತದ ಗದ್ದೆಯೂ ಜೊತೆಯಾಗಿ ಬಂದಿರುವುದನ್ನು ಬನವಾಸಿಯ ಸೀಮೆಯನ್ನು ಬಲ್ಲವರು ಸಂತೋಷದಿಂದ ಗಮನಿಸುವರು. ಹತ್ತನ್ನೂ ಎಲ್ಲೆಡೆಯಲ್ಲಿಯೂ ಕಡ್ಡಾಯವಾಗಿ ಬರೆಯಬೇಕೆಂಬ ಹಟ ಅವನಿಗಿಲ್ಲ. ಯಾವ ವ್ಯವಹಾರದಲ್ಲಿ ಎಷ್ಟು ಉಪಯೋಗವೊ ಅಷ್ಟನ್ನು ಬರೆದರೆ ಸಾಕೆಂಬುದೇ ಅವನ ತಾತ್ಪರ್ಯ. ಭೂಮಿಯನ್ನು ಗುರುತಿಸುವುದು ಉದ್ದೇಶ. ಪಟ್ಟಿಯು ಅದಕ್ಕೆ ಸಾಧನ.

ಹೀಗೆ ಇರಬೇಕಾದುದನ್ನು ಹೇಳಿದ ಮೇಲೆ ಇರಬಾರದುದನ್ನು ಹೇಳುವನು. ಪಕ್ಷದಂತೆ ತೋರಿ ಪಕ್ಷವಾಗದಿರುವುದು ಪಕ್ಷಾಭಾಸ. ಅದು ಆರು ಬಗೆ: ಅಪ್ರಸಿದ್ಧ, ನಿರಾಬಾಧ, ನಿರರ್ಥ, ನಿಷ್ಪ್ರಯೋಜನ, ಅಸಾಧ್ಯ, ವಿರುದ್ಧ. ನನ್ನ ಮೊಲದ ಕೊಂಬನ್ನು ತೆಗೆದುಕೊಂಡವನು ಹಿಂದಕ್ಕೆ ಕೊಡಲಿಲ್ಲವೆಂದರೆ ಅಪ್ರಸಿದ್ಧ; ಅಂತಹ ವಸ್ತುವೇ ಲೋಕದಲ್ಲಿಲ್ಲ. ನನ್ನ ಮನೆಯ ದೀಪದ ಬೆಳಕಿನಲ್ಲಿ ನೆರೆಯವನು ತನ್ನ ಮನೆಯ ಕೆಲಸವನ್ನು ಮಾಡಿಕೊಳ್ಳುತ್ತಾನೆಂದರೆ ನಿರಾಬಾಧ. ವಸ್ತುವೂ ಉಂಟು, ಕ್ರಿಯೆಯೂ ಉಂಟು, ಆದರೆ ಬಾಧೆಯಿಲ್ಲ. ಅಕ್ಷರಗಳು ಸೇರಿ ಅರ್ಥವಾಗದಿದ್ದರೆ ನಿರರ್ಥ. ನೆರೆಯವನು ಇಂಪಾಗಿ ಪಾಠಮಾಡುತ್ತಾನೆಂದರೆ ನಿಷ್ಪ್ರಯೋಜನ. ಹುಬ್ಬೆತ್ತಿ ನಕ್ಕನೆಂದರೆ ಅಸಾಧ್ಯ, ಸಾಧಿಸುವ ಬಗೆಯಿಲ್ಲ. ಮೂಕನು ನನ್ನನ್ನು ಬೈದನೆಂದರೆ ವಿರುದ್ಧ. ಹಾಸ್ಯದಂತೆ ಕಾಣುವ ಈ ದೃಷ್ಟಾಂತಗಳಲ್ಲಿ ಗಂಭೀರವಾದ ನಿಯಮವು ಅಡಗಿದೆ. ಮಾತೆಲ್ಲವೂ ನಿಜವೆಂದು ಒಪ್ಪಿದರೂ ನ್ಯಾಯಸ್ಥಾನವು ಕೊಡಬೇಕಾದ ಪರಿಹಾರವೊಂದು ಅದರಿಂದ ಹುಟ್ಟುವುದೆ ಎಂಬುದನ್ನು ಸಾಕ್ಷಿಗಳನ್ನು ಕರೆಯುವುದಕ್ಕಿಂತ ಮುಂಚೆಯೇ ನೋಡಬೇಕೆಂಬುದೇ ಆ ನಿಯಮ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಏಳನೆಯ ಆದೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಹೋಲಿಕೆಯು ಸ್ಪಷ್ಟವಾಗುವುದು. ವ್ಯಾಜ್ಯಕಾರಣವಾದ ಸಂಗತಿಗಳನ್ನೂ ಅದು ಹುಟ್ಟಿದ ಕಾಲವನ್ನೂ ವಾದಪತ್ರದಲ್ಲಿ ಹೇಳಬೇಕೆಂಬುದು ಮೊದಲನೆಯ ನಿಯಮ. ಸ್ಥಿರಾಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರವನ್ನೂ, ಎಲ್ಲೆಗಳಿಂದಾಗಲಿ ಸರ್ವೆ ನಂಬರಿನಿಂದಾಗಲಿ ಗುರುತಿಸಬಹುದಾದರೆ ಅವುಗಳನ್ನೂ ಬರೆಯಬೇಕೆಂಬುದು ಮೂರನೆಯದು. ವ್ಯಾಜ್ಯಕಾರಣವು ತೋರಿಬಾರದಿದ್ದರೆ ವಾದಪತ್ರವನ್ನು ತಿರಸ್ಕರಿಸಬೇಕೆಂಬುದು ಹನ್ನೊಂದನೆಯದು. ಆ ಹಂತದಲ್ಲಿ ನ್ಯಾಯಾಧೀಶನು ವಾದಪತ್ರವನ್ನು ಸಮಗ್ರವಾಗಿ ಓದಿ, ಅದರ ಸಂಗತಿಗಳು ನಿಜವೆಂದಿಟ್ಟುಕೊಂಡು ವಿಚಾರಮಾಡುವನು. ಪ್ರತಿವಾದಿಯ ಸಮಾಧಾನವು ಆಗ ಪ್ರಸ್ತುತವಲ್ಲ. ಬೆಂಗಳೂರಿನ ನ್ಯಾಯಾಲಯದಿಂದ ಹೊರಟು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿದ ಒಂದು ಮೊಕದ್ದಮೆಯಲ್ಲಿ, 1977ರಲ್ಲಿ, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರಹದ ಚಾತುರ್ಯದಿಂದ ವ್ಯಾಜ್ಯಕಾರಣದ ಭ್ರಮೆಯನ್ನು ಹುಟ್ಟಿಸುವ ವಾದಪತ್ರವನ್ನು ಆರಂಭದಲ್ಲಿಯೇ ಕೊನೆಗಾಣಿಸಬೇಕೆಂದು ಕೆಳಗಿನ ನ್ಯಾಯಾಲಯಗಳಿಗೆ ಎಚ್ಚರಿಕೆಯನ್ನು ಕೊಟ್ಟರು. ಪಕ್ಷಾಭಾಸವೆಂಬ ಹಳೆಯ ಮಾತು ಇದಕ್ಕೆ ಯಥಾರ್ಥವಾಗಿ ಒಪ್ಪುವುದು.

ಹಾಗಾದರೆ ಭೂಮಿಯ ಅತಿಕ್ರಮಣವನ್ನು ಕುರಿತ ವಾದಪತ್ರವು ನಿಲ್ಲುವುದು ಯಾವಾಗ? ಮೂರು ಸಂಗತಿಗಳು ಅದರಲ್ಲಿ ಕಾಣಬೇಕು. ಇಂತಹ ಭೂಮಿಯೆಂದು ನಿಶ್ಚಯಿಸಲು ಬೇಕಾದ ವಿವರವು ಮೊದಲನೆಯದು. ಆ ಭೂಮಿಯ ಮೇಲೆ ವಾದಿಗಿರುವ ಒಡೆತನವಾಗಲಿ, ಅತಿಕ್ರಮಣದ ದಿನದಲ್ಲಿದ್ದ ಸ್ವಾಧೀನವಾಗಲಿ ಎರಡನೆಯದು. ಪ್ರತಿವಾದಿಯು ಇಂತಹ ಕಾಲದಲ್ಲಿ ಮಾಡಿದ ಇಂತಹ ಕೃತ್ಯವೆಂಬುದು ಮೂರನೆಯದು. ಬೆಳೆಯು ನಷ್ಟವಾಯಿತೆಂದು ತೋರಿಸಲೇಬೇಕೆಂಬುದಿಲ್ಲ; ಸ್ವಾಧೀನದ ಭಂಗವೇ ಬಾಧೆಯಾಗುವುದು. ಈ ಮೂರರಲ್ಲಿ ಒಂದು ಇಲ್ಲವಾದರೂ ಉಳಿದೆರಡು ವ್ಯರ್ಥ. ಸ್ವಾಧೀನವೊಂದನ್ನೇ ಆಧಾರಮಾಡಿಕೊಂಡು, ಒಡೆತನದ ಪ್ರಶ್ನೆಯನ್ನು ಎತ್ತದೆ, ಆರು ತಿಂಗಳೊಳಗಾಗಿ ಭೂಮಿಯನ್ನು ಹಿಂದಕ್ಕೆ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ ಆರನೆಯ ಪ್ರಕರಣವು ದಾರಿಯನ್ನು ಕೊಡುವುದು. ಆದರೆ ಸರ್ಕಾರದ ಮೇಲೆ ಅಂತಹ ವ್ಯಾಜ್ಯವು ಕೂಡದೆಂದು ಅದೇ ಪ್ರಕರಣದಲ್ಲಿ ಹೇಳಿದೆ. ಕಾಡಿನ ಅಂಚಿನಲ್ಲಿರುವವನಿಗೆ ಈ ಕಡೆಯ ಮಾತು ಎಷ್ಟು ಭಾರವಾದುದೆಂಬುದು ಮುಂದೆ ತಿಳಿಯುವುದು.

ಅತಿಕ್ರಮಣದ ಕೃತ್ಯಗಳನ್ನು ಯಾಜ್ಞವಲ್ಕ್ಯನು ಬೇರ್ಪಡಿಸಿರುವನು. ಎಲ್ಲೆಯನ್ನು ಒಡೆಯುವುದು, ಎಲ್ಲೆಯನ್ನು ಮೀರುವುದು, ಕ್ಷೇತ್ರವನ್ನೇ ಅಪಹರಿಸುವುದು ಎಂಬ ಮೂರಕ್ಕೆ ಕ್ರಮವಾಗಿ ಅಧಮ, ಉತ್ತಮ, ಮಧ್ಯಮ ದಂಡಗಳು. ಕಾಲಾವಧಿಯನ್ನೂ ಅವನು ಹೇಳಿರುವನು: ಒಡೆಯನು ಕಣ್ಣಾರೆ ಕಾಣುತ್ತ ಸುಮ್ಮನಿದ್ದು ಅನ್ಯನು ಇಪ್ಪತ್ತು ವರ್ಷ ಭೂಮಿಯನ್ನು ಅನುಭವಿಸಿದರೆ ಒಡೆಯನಿಗೆ ಹಾನಿ. ಆ ಹಾನಿಯು ಯಾವುದು? ಕಳೆದುಹೋದ ಫಲಕ್ಕೆ ಮಾತ್ರವೇ ಹಾನಿಯೆಂದೂ ಭೂಮಿಗೆ ಅಲ್ಲವೆಂದೂ ವಿಜ್ಞಾನೇಶ್ವರನು ವಾದಿಸುವನು. ಬಲಾತ್ಕಾರದ ಭೋಗವು ಕಾಲಕಳೆದ ಮಾತ್ರಕ್ಕೆ ಸ್ವತ್ತಾಗಲಾರದೆಂಬುದು ಅವನ ನಿಲುವು. ಈಗಿನ ಕಾನೂನು ಇದಕ್ಕೆ ವಿರುದ್ಧ. 1963ರ ಕಾಲಪರಿಮಿತಿ ಅಧಿನಿಯಮದಂತೆ ಪ್ರತಿಕೂಲವಾದ ಸ್ವಾಧೀನವು ಹನ್ನೆರಡು ವರ್ಷ ನಡೆದರೆ ಒಡೆಯನ ಹಕ್ಕೇ ನಂದಿಹೋಗುವುದು. ಸರ್ಕಾರವು ಹೂಡುವ ವ್ಯಾಜ್ಯಕ್ಕೆ ಮೂವತ್ತು ವರ್ಷಗಳ ಅವಧಿಯುಂಟು.

ಎಲ್ಲೆಯ ವಿವಾದದಲ್ಲಿ ಸಾಕ್ಷಿಗಳು ಯಾರೆಂಬ ಮಾತು ಈ ವಿಚಾರಕ್ಕೆ ಅತ್ಯಂತ ಮುಖ್ಯವಾದುದು. ನೆರೆಯ ಗ್ರಾಮದವರು, ವೃದ್ಧರು, ದನಕಾಯುವವರು, ಎಲ್ಲೆಯವರೆಗೆ ಉಳುವವರು ಇವರೊಡನೆ ವನಗೋಚರರೆಲ್ಲರನ್ನೂ ಯಾಜ್ಞವಲ್ಕ್ಯನು ಸೇರಿಸಿರುವನು. ಮನುವಾದರೊ ಬೇಡರು, ಹಕ್ಕಿ ಹಿಡಿಯುವವರು, ಮೀನುಗಾರರು, ಬೇರು ಅಗೆಯುವವರು ಎಂದು ಹೆಸರಿಸಿಯೇ ಹೇಳಿರುವನು. ಹುತ್ತ, ಮರ, ಹಳ್ಳ, ನೆಲದಲ್ಲಿ ಹೂತಿಟ್ಟ ಇದ್ದಲು, ಹೊಟ್ಟು, ಎಲುಬು ಇವು ಎಲ್ಲೆಯ ಗುರುತುಗಳು. ಅವುಗಳನ್ನು ಬಲ್ಲವರು ಕಾಡಿನಲ್ಲಿ ತಿರುಗುವವರೇ ಸರಿಯಷ್ಟೆ. ಕನ್ನಡ ಶಾಸನಗಳಲ್ಲಿಯೂ ದಾನಭೂಮಿಯ ಸೀಮೆಯನ್ನು ಹೇಳುವಾಗ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕುಹಿಡಿದು, ಕೆರೆ, ಹುಣಿಸೆ, ಹುತ್ತ, ನಟ್ಟ ಕಲ್ಲುಗಳನ್ನು ಗುರುತುಮಾಡಿ, ಮತ್ತರು ಕಮ್ಮಗಳಲ್ಲಿ ಅಳತೆಯನ್ನು ಕೊಡುವುದು ವಾಡಿಕೆ. ಶಾಸ್ತ್ರವು ಬೇಡಿದ ಹತ್ತು ಅಂಶಗಳಲ್ಲಿ ಹೆಚ್ಚಿನವು ಕಲ್ಲಿನ ಮೇಲೆಯೇ ಸಿದ್ಧವಾಗಿರುತ್ತಿದ್ದುವು. ಶಾಸನದ ಕಡೆಗೆ ಬರುವ ಶಾಪಾಶಯವು ಭೂಮಿಯನ್ನು ಅಪಹರಿಸುವವನನ್ನು ಹೆದರಿಸುವುದಕ್ಕೆ. ಅದಕ್ಕೆ ಮೇಲಿನ ಸೀಮಾವಿವರವು ಅವನನ್ನು ಧರ್ಮಾಸನದ ಮುಂದೆ ಸೋಲಿಸುವುದಕ್ಕೆ.

ಆದರೆ ಇಲ್ಲಿಯೇ ಒಂದು ವೈಷಮ್ಯವು ಕಾಣುವುದು. ವನಗೋಚರನು ಇತರರ ಎಲ್ಲೆಗೆ ಸಾಕ್ಷಿಯಾಗಬಲ್ಲನು. ತನ್ನ ನೆಲಕ್ಕಾಗಿ ತಾನೇ ವಾದಿಯಾಗಬಲ್ಲನೆ? ಉತ್ತರ ಕನ್ನಡದ ಕುಮರಿಯ ಇತಿಹಾಸವು ಈ ಪ್ರಶ್ನೆಗೆ ಉತ್ತರವನ್ನು ಕೊಡುವುದು.

ಸೋಂದೆಯ ಅರಸರ ನಾಡು ಹೈದರನ ಕೈಗೆ ಹೋಗಿ, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕೆನರಾದೊಡನೆ ಆಂಗ್ಲರ ವಶವಾಯಿತು. ಮೊದಲ ಕಲೆಕ್ಟರನಾದ ಥಾಮಸ್ ಮನ್ರೋ ಈ ಜಿಲ್ಲೆಯಲ್ಲಿ ಹಳೆಯ ಕಡತಗಳನ್ನೂ ತಲೆಮಾರುಗಳಿಂದ ಬಂದ ಖಾಸಗಿ ಭೂಸ್ವತ್ತನ್ನೂ ಕಂಡು 1800ರ ತನ್ನ ವರದಿಯಲ್ಲಿ ವಿವರಿಸಿದನು. 1862ರಲ್ಲಿ ಉತ್ತರ ಭಾಗವು ಮದರಾಸು ಆಧಿಪತ್ಯದಿಂದ ಮುಂಬಯಿಗೆ ಸೇರಿತು. ಮುಂಬಯಿಯ ಪದ್ಧತಿಯಂತೆ ಮೋಜಣಿಯು ನಡೆದು ಕಂದಾಯವು ಏರಲು, ಕಾರವಾರದ ಕಡೆಯ ವರ್ಗದಾರರು ಸರ್ಕಾರದ ಮೇಲೆ ವ್ಯಾಜ್ಯವನ್ನು ಹೂಡಿದರು. ಕೆನರಾ ಭೂಕಂದಾಯದ ಮೊಕದ್ದಮೆಯೆಂದು ಪ್ರಸಿದ್ಧವಾದ ಇದರ ತೀರ್ಪನ್ನು 1875ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಮೈಕೆಲ್ ವೆಸ್ಟ್ರಾಪ್ ಕೊಟ್ಟನು. ವರ್ಗದಾರರು ಸೋತರು. ಆದರೂ ಅವರ ಮಾತು ಪಕ್ಷಾಭಾಸವೆನಿಸಲಿಲ್ಲ. ವರ್ಗವೆಂಬುದು ಲೆಕ್ಕದಲ್ಲಿ ಹೆಸರಿದ್ದ ಭೂಮಿ. ಅದಕ್ಕೆ ಎಲ್ಲೆಯಿತ್ತು, ರೇಖೆಯಿತ್ತು, ಪೂರ್ವರಾಜರ ಕಾಲದ ಉಲ್ಲೇಖವಿತ್ತು. ನ್ಯಾಯಸ್ಥಾನವು ವಿಜಯನಗರದ ಕಾಲದಿಂದ ಕಂದಾಯದ ಇತಿಹಾಸವನ್ನೆಲ್ಲ ಶೋಧಿಸಿ ದೀರ್ಘವಾಗಿ ಉತ್ತರವನ್ನು ಹೇಳಬೇಕಾಯಿತು.

ಕುಮರಿಯ ಬಗೆಯು ಬೇರೆ. ಕಾಡಿನ ಒಂದು ತುಂಡನ್ನು ಕಡಿದು, ಒಣಗಿದ ಮೇಲೆ ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದುವನ್ನು ಬಿತ್ತಿ, ಒಂದೆರಡು ಬೆಳೆಯಾದ ಮೇಲೆ ಬಿಟ್ಟು ಬೇರೆಡೆಗೆ ಹೋಗಿ, ಕೆಲವು ವರ್ಷಗಳಾದ ಮೇಲೆ ಮತ್ತೆ ಅಲ್ಲಿಗೆ ಬರುವುದು ಇದರ ಕ್ರಮ. ಘಟ್ಟದ ಕಾಡುಗಳಲ್ಲಿ, ವಿಶೇಷವಾಗಿ ಈಗಿನ ಜೋಯಿಡಾದ ಕಡೆಯ ಕುಣಬಿಯರಲ್ಲಿ, ಇದು ರೂಢಿಯಾಗಿದ್ದಿತು. ಇದರ ಸಾಗುವಳಿದಾರನು ಭಾಷಾಪತ್ರದಲ್ಲಿ ಏನನ್ನು ಬರೆಯಿಸಬಲ್ಲನು? ಸನ್ನಿವೇಶವು ವರ್ಷದಿಂದ ವರ್ಷಕ್ಕೆ ಬದಲಾಗುವುದು. ಅಳತೆಯು ಆ ವರ್ಷ ಸುಟ್ಟಷ್ಟು. ಬಿಟ್ಟುಬಂದ ತುಂಡು ಮರಳಿ ಕಾಡಾಗಿರುವುದು. ಅದು ಸ್ವಾಧೀನವೊ ತ್ಯಾಗವೊ? ತಂದೆ ಅಜ್ಜಂದಿರ ಹೆಸರೊಂದು ಮಾತ್ರ ಅವನ ಬಳಿ ಸ್ಥಿರವಾಗಿರುವುದು.

1848ರಲ್ಲಿ ಕೆನರಾದ ಕಲೆಕ್ಟರ್ ಬ್ಲೇನ್ ಕುಮರಿಯಿಂದ ಕಾಡು ನಾಶವಾಗುವುದೆಂದು ಸರ್ಕಾರಕ್ಕೆ ಬರೆದನು. ಮದರಾಸಿನ ಅರಣ್ಯಾಧಿಕಾರಿಯಾದ ಕ್ಲೆಗ್‌ಹಾರ್ನನ ಕಾಲದಲ್ಲಿ, 1860ರಲ್ಲಿ, ಸರ್ಕಾರಿ ಕಾಡುಗಳಲ್ಲಿ ಅನುಮತಿಯಿಲ್ಲದೆ ಕುಮರಿಯನ್ನು ಮಾಡಕೂಡದೆಂದು ಆಜ್ಞೆಯಾಯಿತು. ಅರಣ್ಯಭೂಮಿಯ ಹಕ್ಕನ್ನು ಕುರಿತು ಉತ್ತರ ಕನ್ನಡದ ಕಲೆಕ್ಟರನ ಮೇಲೆ ಹೂಡಿದ ಭಾಸ್ಕರಪ್ಪನ ಮೊಕದ್ದಮೆಯೂ ಮುಂಬಯಿಯ 1879ರ ವರದಿಗಳಲ್ಲಿ ಸೇರಿದೆ. ಅಲ್ಲಿಯೂ ತೀರ್ಪು ಸರ್ಕಾರದ ಕಡೆಗಾಯಿತು. 1878ರ ಅರಣ್ಯ ಕಾನೂನು ಕಾಡನ್ನು ಕಾಯ್ದಿಡುವುದಕ್ಕೆ ಮುಂಚೆ ಹಕ್ಕುಗಳನ್ನು ವಿಚಾರಿಸಲು ಅಧಿಕಾರಿಯೊಬ್ಬನನ್ನು ನಿಯಮಿಸಿತು. ಅವಧಿಯೊಳಗೆ ಹೇಳಿಕೊಳ್ಳದ ಹಕ್ಕು ಸಾಮಾನ್ಯವಾಗಿ ಅಳಿದುಹೋಗುವುದು. 1927ರ ಅರಣ್ಯ ಅಧಿನಿಯಮವು ಸ್ಥಳ ಬದಲಿಸುವ ಸಾಗುವಳಿಯು ಎಲ್ಲ ಸಂದರ್ಭಗಳಲ್ಲಿಯೂ ಸರ್ಕಾರದ ಹತೋಟಿಗೂ ರದ್ದತಿಗೂ ಒಳಪಟ್ಟ ಸವಲತ್ತೆಂದೇ ಭಾವಿಸತಕ್ಕದ್ದೆಂದು ವಿಧಿಸಿತು.

ಹಕ್ಕು, ಸವಲತ್ತು ಎಂಬೆರಡು ಮಾತುಗಳ ಅಂತರದಲ್ಲಿ ಈ ವಿಚಾರದ ತಿರುಳಿದೆ. ಹಕ್ಕಿಗೆ ಭಂಗವಾದರೆ ವ್ಯಾಜ್ಯಕಾರಣವು ಹುಟ್ಟುವುದು. ಸವಲತ್ತನ್ನು ಕೊಟ್ಟವನು ಹಿಂದಕ್ಕೆ ತೆಗೆದುಕೊಂಡರೆ ಹುಟ್ಟುವುದಿಲ್ಲ. ಹೀಗಾಗಿ ಕುಮರಿಯವನು ತನ್ನ ನೆಲದಿಂದ ಹೊರಬಿದ್ದಾಗ ಅವನ ಗೋಳು ದೀಪದ ಬೆಳಕನ್ನು ಕುರಿತ ದೂರಿನ ಸಾಲಿಗೆ ಸೇರಿತು. ಅದು ಕಾನೂನಿನ ಕಣ್ಣಿಗೆ ನಿರಾಬಾಧವಾಯಿತು. ಮೇಲಾಗಿ, ಅದೇ ನೆಲವನ್ನು ಅವನು ಮತ್ತೆ ಹೊಕ್ಕರೆ ಈಗ ಅತಿಕ್ರಮಣಕಾರನು ಅವನೇ. ತಪ್ಪು ಯಾವ ಹೆಜ್ಜೆಯಲ್ಲಿ ಆಯಿತೆಂಬುದನ್ನು ವಿವೇಚಿಸಬೇಕು. ಭೂಮಿಯನ್ನು ಗುರುತಿಸದೆ ವ್ಯಾಜ್ಯವಿಲ್ಲವೆಂಬ ನಿಯಮದಲ್ಲಿ ದೋಷವಿಲ್ಲ. ಯಾವ ನೆಲವೆಂದು ತಿಳಿಯದೆ ನ್ಯಾಯಾಧೀಶನು ಯಾರನ್ನು ಎಲ್ಲಿಂದ ಬಿಡಿಸಬಲ್ಲನು? ಎಲ್ಲೆಯನ್ನು ಬರೆಯಲಾರದವನಿಗೆ ಹಕ್ಕೇ ಇಲ್ಲವೆಂದು ಊಹಿಸಿದುದೇ ದೋಷ. ಭಾಷಾಪತ್ರದ ಕೊರತೆಯು ಸಾಧನದ ಕೊರತೆ, ಸ್ವತ್ವದ ಅಭಾವವಲ್ಲ. ಈಗಿನ ಸಂಹಿತೆಯೂ ಈ ಭೇದವನ್ನು ಬಲ್ಲುದು: ತಿರಸ್ಕೃತವಾದ ವಾದಪತ್ರದ ಸ್ಥಾನದಲ್ಲಿ ಅದೇ ವ್ಯಾಜ್ಯಕಾರಣವನ್ನು ಹಿಡಿದು ಹೊಸ ವಾದಪತ್ರವನ್ನು ಸಲ್ಲಿಸಲು ಏಳನೆಯ ಆದೇಶದ ಹದಿಮೂರನೆಯ ನಿಯಮವು ಅಡ್ಡಿಮಾಡುವುದಿಲ್ಲ.

ಈ ದೋಷವನ್ನು ತಿದ್ದುವ ಯತ್ನವು 2006ರ ಅರಣ್ಯ ಹಕ್ಕು ಅಧಿನಿಯಮದಿಂದ ನಡೆಯಿತು. 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯನ್ನು ಸಾಗುಮಾಡುತ್ತಿದ್ದ ಪರಿಶಿಷ್ಟ ಪಂಗಡದವರೂ, ಆ ದಿನಕ್ಕೆ ಹಿಂದೆ ಮೂರು ತಲೆಮಾರು ಎಂದರೆ 75 ವರ್ಷಗಳಿಂದ ಅರಣ್ಯವನ್ನು ಅವಲಂಬಿಸಿ ನೆಲೆಸಿದ ಇತರರೂ ಹಕ್ಕನ್ನು ಕೇಳಬಹುದು. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದುದರಿಂದ ಅವರಿಗೆ 75 ವರ್ಷಗಳ ಲೆಕ್ಕವು ಬೇಕಾಗುವುದಿಲ್ಲ. ಅರ್ಜಿಯನ್ನು ಮೊದಲು ವಿಚಾರಿಸುವುದು ಗ್ರಾಮಸಭೆ. ಮೇಲೆ ಉಪವಿಭಾಗದ ಹಾಗೂ ಜಿಲ್ಲೆಯ ಸಮಿತಿಗಳು. ವಿಚಾರಣೆಯು ಮುಗಿಯುವ ತನಕ ಅರ್ಜಿದಾರನನ್ನು ಎಬ್ಬಿಸಕೂಡದು. 2008ರ ನಿಯಮಗಳಲ್ಲಿ ಹೇಳಿದ ಸಾಧನಗಳನ್ನು ನೋಡಿದರೆ ಮಿತಾಕ್ಷರೆಯ ಓದುಗನಿಗೆ ಪರಿಚಿತವಾದ ಹಲವು ಕಾಣುವುವು. ಸರ್ಕಾರಿ ದಾಖಲೆಗಳೊಡನೆ ಅರ್ಜಿದಾರರಲ್ಲದ ಹಿರಿಯರ ಬರೆಯಿಸಿದ ಹೇಳಿಕೆ, ಬದು ಬಾವಿಗಳ ಗುರುತು, ಹೂಳುವ ಸ್ಥಳ, ದೇವರ ಬನ, ವಂಶಾವಳಿ ಇವೂ ಸಲ್ಲುವುವು. ಒಂದಕ್ಕಿಂತ ಹೆಚ್ಚು ಸಾಧನವಿರಬೇಕು. ವೃದ್ಧರು, ಸ್ಥಾವರ ಚಿಹ್ನೆಗಳು, ಪಿತೃಪಿತಾಮಹರ ಹೆಸರು ಎಂಬ ಹಳೆಯ ಅಂಗಗಳೇ ಮರಳಿ ಬಂದುವು. ವ್ಯತ್ಯಾಸವಿಷ್ಟೇ: ಅಂದು ಅವು ಎಲ್ಲೆಯಿದ್ದ ಹೊಲದವನಿಗೆ ನೆರವಾಗುತ್ತಿದ್ದುವು, ಇಂದು ಎಲ್ಲೆಯಿಲ್ಲದವನಿಗೂ ದೊರೆಯುವುವು.

ಆದರೂ ಮಳಗಿಯಂತಹ ಊರಿನಲ್ಲಿ ಗದ್ದೆಯ ಒಡೆಯನೂ ಕಾಡಂಚಿನ ಸಾಗುವಳಿದಾರನೂ ಒಂದೇ ಬಾಗಿಲಿಗೆ ಹೋಗುವಂತಿಲ್ಲ. ಮೊದಲನೆಯವನು ಪಹಣಿ, ಸರ್ವೆ ನಂಬರು, ಚಕ್ಕುಬಂದಿಗಳನ್ನು ವಾದಪತ್ರದಲ್ಲಿ ಬರೆಯಿಸಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವನು. ಎರಡನೆಯವನು ಊರಿನ ಮುದುಕರನ್ನು ಕರೆದುಕೊಂಡು ಗ್ರಾಮಸಭೆಗೆ ಹೋಗುವನು. ಇಬ್ಬರಿಗೂ ಬೇಕಾದುದು ಒಂದೇ: ಇದು ಇಂತಹ ನೆಲ, ಇದು ಹೀಗೆ ನನ್ನದು, ಇದಕ್ಕೆ ಇಂತಹವನಿಂದ ಬಾಧೆಯಾಯಿತು ಎಂಬ ಮೂರು ಮಾತುಗಳನ್ನು ನಿಲ್ಲುವಂತೆ ಹೇಳುವುದು. ಕಲ್ಯಾಣದ ವ್ಯಾಖ್ಯಾನಕಾರನು ಹತ್ತು ಅಂಶಗಳನ್ನು ಎಣಿಸಿದ ಮೇಲೆ, ಉಪಯೋಗವಿದ್ದಷ್ಟನ್ನು ಬರೆದರೆ ಸಾಕೆಂದು ಕೂಡಿಸಿದುದರ ಬೆಲೆಯು ಈ ಎರಡನೆಯವನ ಅರ್ಜಿಯನ್ನು ಓದುವಾಗ ಚೆನ್ನಾಗಿ ತಿಳಿಯುವುದು.